ಓದುಗರ ಪ್ರಶ್ನೆ: ಮೇಜಿನ ಮೇಲಿನ ಬೇಸ್‌ಬಾಲ್

ಹೋದ ಸಂಚಿಕೆಯಲ್ಲಿ ಕಾರ್ಡು, ದಾಳ ಇಟ್ಟುಕೊಂಡು ಆಡುವ ಅಮೆರಿಕದ ಬೇಸ್‌ಬಾಲ್ ಆಟಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕೆಲಸದ ಮೇಲೆ ಒಹಾಯೋದಲ್ಲಿ ಒಂಬತ್ತು ವರ್ಷ ಇದ್ದಾಗ ಒಬ್ಬ ಸಹೋದ್ಯೋಗಿ ಊಟದ ಬಿಡುವಿನಲ್ಲಿ ಕಲಿಸಿಕೊಟ್ಟ ಆಟ ಅದು, ಬೆಂಗಳೂರಿಗೆ ವಾಪಸ್ ಬಂದ ಮೇಲೂ ಬಿಟ್ಟಿಲ್ಲ ಅಂತ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಸರ್, ನಮಗೆ ಬೇಸ್‌ಬಾಲ್ ಅಂದ್ರೆ ಸಿನಿಮಾದಲ್ಲಿ ನೋಡಿದ್ದಷ್ಟೇ. ನೀವು ಹೇಳಿದ ಆಟ ನಾವು ಶಾಲೆಯಲ್ಲಿ ಆಡುತ್ತಿದ್ದ ಬುಕ್ ಕ್ರಿಕೆಟ್ ತರಹದ್ದೇ ಅಲ್ವಾ? — ಒಬ್ಬ ಓದುಗರು, ದಾವಣಗೆರೆ

ಉತ್ತರ: ಹತ್ತಿರದ ನೆಂಟನೇ, ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಬುಕ್ ಕ್ರಿಕೆಟ್‌ನಲ್ಲಿ ಸಮಾಜದ ಪುಸ್ತಕ ತಟ್ಟನೆ ತೆರೆದು ಪುಟದ ಕೊನೇ ಅಂಕಿ ನೋಡುತ್ತಿದ್ದೆವು, ಸೊನ್ನೆ ಬಂದರೆ ಔಟ್. ಅಲ್ಲಿ ಜಿ.ಆರ್. ವಿಶ್ವನಾಥ್ ಆಡಿದರೂ ಒಂದೇ, ಬಿ.ಎಸ್. ಚಂದ್ರಶೇಖರ್ ಆಡಿದರೂ ಒಂದೇ. ಟೆಸ್ಟ್‌ನಲ್ಲಿ 242 ವಿಕೆಟ್ ತೆಗೆದು ಬರೀ 167 ರನ್ ಹೊಡೆದ ಚಂದ್ರ ಅವರೂ ನಮ್ಮ ಕೊನೇ ಬೆಂಚಿನಲ್ಲಿ ಸೆಂಚುರಿ ಬಾರಿಸುತ್ತಿದ್ದರು. ಈ ಅಮೆರಿಕನ್ ಆಟಗಳಲ್ಲಿ ಹಾಗಾಗುವುದಿಲ್ಲ. ಪ್ರತಿ ಆಟಗಾರನಿಗೂ ಅವನದೇ ಒಂದು ಕಾರ್ಡು. ಯಾವುದೋ ಒಂದು ವರ್ಷ ಅವನು ನಿಜವಾಗಿ ಎಷ್ಟು ಹೊಡೆದ, ಎಷ್ಟು ಸಲ ಔಟಾದ ಅಂತ ಲೆಕ್ಕ ತೆಗೆದು ಅದನ್ನು ಆ ಕಾರ್ಡಿಗೆ ಇಳಿಸಿರುತ್ತಾರೆ.

ಬೇಸ್‌ಬಾಲ್ ಗೊತ್ತಿಲ್ಲದಿದ್ದರೆ ಇಷ್ಟು ತಿಳಿದುಕೊಂಡರೆ ಸಾಕು. ಪಿಚರ್ ಎಸೆಯುತ್ತಾನೆ, ಬ್ಯಾಟರ್ ಹೊಡೆದು ಓಡುತ್ತಾನೆ, ಮೂರು ಬೇಸ್ ಮುಟ್ಟಿ ಮತ್ತೆ ಹೊರಟ ಜಾಗಕ್ಕೆ ಬಂದರೆ ಒಂದು ರನ್. ಮೂರು ಔಟಾದರೆ ಇನ್ನೊಂದು ತಂಡದ ಸರದಿ. ಹೀಗೆ ಒಂಬತ್ತು ಇನ್ನಿಂಗ್ಸ್.

ಈಗ ಮೇಜಿಗೆ ಬನ್ನಿ. ಸ್ಟ್ರ್ಯಾಟ್-ಓ-ಮ್ಯಾಟಿಕ್ ಅನ್ನೋ ಆಟದ್ದೇ ಉದಾಹರಣೆ ಕೊಡುತ್ತೇನೆ. ನನ್ನ ಎಡಗಡೆ ಬ್ಯಾಟರ್ ಕಾರ್ಡು, ಬಲಗಡೆ ಪಿಚರ್ ಕಾರ್ಡು. ಬ್ಯಾಟರ್ ಕಾರ್ಡಿನಲ್ಲಿ 1, 2, 3 ಅಂತ ಮೂರು ಕಾಲಂ, ಪಿಚರ್ ಕಾರ್ಡಿನಲ್ಲಿ 4, 5, 6. ಕೈಯಲ್ಲಿ ಮೂರು ದಾಳ, ಒಂದು ಬಿಳಿ, ಎರಡು ಕೆಂಪು. ಉರುಳಿಸಿದೆ. ಬಿಳಿಯದು 5, ಕೆಂಪು 3 ಮತ್ತು 4. ಬಿಳಿ 5 ಅಂದರೆ ಪಿಚರ್ ಕಾರ್ಡಿನ ನಡುವಿನ ಕಾಲಂ. ಕೆಂಪು ಎರಡೂ ಕೂಡಿದರೆ 7, ಆ ಕಾಲಂನ ಏಳನೇ ಸಾಲು. ಅಲ್ಲಿ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಕಡೆಗೆ ನೆಲದ ಹೊಡೆತ ಅಂತ ಇದೆ, ಪಕ್ಕದಲ್ಲಿ ಒಂದು ಎಕ್ಸ್ ಗುರುತು. ಎಕ್ಸ್ ಇದ್ದರೆ ವಿಷಯ ಇನ್ನೂ ತೀರ್ಮಾನ ಆಗಿಲ್ಲ ಅಂತ. ಅಲ್ಲಿ ನಿಂತಿರೋ ಫೀಲ್ಡರ್ ಎಂಥವನು ಅಂತ ನೋಡಬೇಕು. ಅವನ ದರ್ಜೆ 1 ಆದರೆ ಬೆಂಕಿ, ಅಂಕಿ ಏರಿದಷ್ಟೂ ಕೈ ಸಡಿಲ. ಇಪ್ಪತ್ತು ಮುಖದ ಇನ್ನೊಂದು ದಾಳ ಹಾಕಿ, ಪಟ್ಟಿಯಲ್ಲಿ ಬೆರಳಿಟ್ಟು ನೋಡುವಷ್ಟರಲ್ಲಿ ನಿಮಗೆ ಉಸಿರು ಕಟ್ಟಿರುತ್ತೆ. ಇದೆಲ್ಲ ಹತ್ತು ಸೆಕೆಂಡಿನ ಕೆಲಸ, ಆಟ ಪೂರ್ತಿ ಮುಗಿಯೋಕೆ ಅರ್ಧ ಗಂಟೆ.

ಕೆಂಪು ದಾಳಗಳಲ್ಲಿ 7 ಬೀಳೋಕೆ 36ರಲ್ಲಿ ಆರು ದಾರಿ, 2 ಅಥವಾ 12 ಬೀಳೋಕೆ ಒಂದೊಂದೇ ದಾರಿ. ನಮ್ಮ ಚೌಕಾಬಾರದಲ್ಲಿ ಎರಡು ಬಿದ್ದಷ್ಟು ಸಲ ಬಾರ ಬೀಳಲ್ಲ ನೋಡಿ, ಹಾಗೆ. ಆದ್ದರಿಂದ ಹೋಮ್ ರನ್ (ನಮ್ಮ ಸಿಕ್ಸರ್ ತರಹ ಚೆಂಡು ಮೈದಾನದಾಚೆ ಹೋಗುವ ಹೊಡೆತ) ಏಳನೇ ಸಾಲಿನಲ್ಲಿದ್ದರೆ ಅವನು ಭಾರೀ ಹೊಡೆತಗಾರ, ಎರಡನೇ ಸಾಲಿನಲ್ಲಿದ್ದರೆ ಅಪರೂಪಕ್ಕೊಮ್ಮೆ ಹೊಡೆಯುವವನು. ಸ್ವಲ್ಪ ದಿನ ಆಡಿದರೆ ಕಾರ್ಡು ಕೈಗೆತ್ತಿಕೊಂಡ ತಕ್ಷಣ ಆಟಗಾರ ಹೇಗೆ ಅಂತ ಗೊತ್ತಾಗಿಬಿಡುತ್ತೆ. ನನಗೆ ಈ ಆಟ ಹಿಡಿಸಿದ್ದೇ ಅದಕ್ಕೆ.

ಪ್ರಶ್ನೆ: ನಾವು ನ್ಯೂಜೆರ್ಸಿಗೆ ಬಂದು ಆರು ವರ್ಷ ಆಯಿತು ಸರ್. ಮಗನಿಗೆ ಹನ್ನೊಂದು, ಬೇಸ್‌ಬಾಲ್ ಅಂದ್ರೆ ಪ್ರಾಣ. ಸ್ಟ್ರ್ಯಾಟ್-ಓ-ಮ್ಯಾಟಿಕ್ ಒಳ್ಳೇದಾ, ಆಪ್‌ಬಾ ಒಳ್ಳೇದಾ? — ಒಬ್ಬ ತಾಯಿ, ಎಡಿಸನ್

ಉತ್ತರ: ಅಮ್ಮಾ, ಮಗನ ವಯಸ್ಸು ಓದಿ ಖುಷಿಯಾಯಿತು. ಸ್ಟ್ರ್ಯಾಟ್-ಓ-ಮ್ಯಾಟಿಕ್ ಮಾಡಿದ ಹ್ಯಾಲ್ ರಿಚ್‌ಮನ್ ಕೂಡ ಈ ಆಟದ ಮೊದಲ ರೂಪ ಹೊಂದಿಸಿದ್ದು ಹನ್ನೊಂದನೇ ವಯಸ್ಸಿನಲ್ಲೇ, ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನಲ್ಲಿ. ಯಾವ ಗರ ಎಷ್ಟು ಸಲ ಬೀಳುತ್ತೆ ಅಂತ ತಿಳಿಯೋಕೆ ಆ ಹುಡುಗ ಕೂತು ಸಾವಿರಾರು ಸಲ ದಾಳ ಉರುಳಿಸಿ ಬರೆದಿಟ್ಟಿದ್ದನಂತೆ. 1961ರಲ್ಲಿ ಅದನ್ನೇ ಮಾರಾಟಕ್ಕೆ ತಂದ.

ಆಪ್‌ಬಾ ಅದಕ್ಕಿಂತ ಹತ್ತು ವರ್ಷ ಹಿರಿಯದು. 1951ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಡಿಕ್ ಸೈಟ್ಸ್ ಶುರು ಮಾಡಿದ್ದು. ಕ್ಲಿಫರ್ಡ್ ವ್ಯಾನ್ ಬೀಕ್ ಅನ್ನುವವರು ಅದಕ್ಕೂ ಸುಮಾರು ಇಪ್ಪತ್ತು ವರ್ಷ ಮೊದಲು ಮಾಡಿದ್ದ ಒಂದು ಆಟವನ್ನು ಸೈಟ್ಸ್ ಚಿಕ್ಕವರಿದ್ದಾಗ ಆಡಿದ್ದರು, ಬುನಾದಿ ಅಲ್ಲಿಂದಲೇ ಬಂತು. ಇದರಲ್ಲಿ ಎರಡು ದಾಳ, ಒಂದು ದೊಡ್ಡದು, ಒಂದು ಚಿಕ್ಕದು. ಅವುಗಳನ್ನು ಕೂಡೋದಿಲ್ಲ, ಪಕ್ಕಪಕ್ಕ ಇಟ್ಟು ಓದುತ್ತಾರೆ. ದೊಡ್ಡದು 3, ಚಿಕ್ಕದು 5 ಅಂದರೆ 35. ಹೀಗೆ 11ರಿಂದ 66ರವರೆಗೆ ಒಟ್ಟು 36 ಗರ. ಬ್ಯಾಟರ್ ಕಾರ್ಡಿನಲ್ಲಿ 35ರ ಎದುರಿಗೆ ಇನ್ನೊಂದು ಅಂಕಿ ಇರುತ್ತೆ, ಅದನ್ನು ಹಿಡಿದು ದೊಡ್ಡ ಪಟ್ಟಿಗೆ ಹೋಗಬೇಕು. ಬೇಸ್ ಖಾಲಿ ಇದ್ದರೆ ಒಂದು ಪಟ್ಟಿ, ಮೊದಲ ಬೇಸ್‌ನಲ್ಲಿ ಒಬ್ಬ ಇದ್ದರೆ ಇನ್ನೊಂದು, ಹೀಗೆ ಎಂಟು. ಪಿಚರ್‌ಗಳಿಗೆ ಎ, ಬಿ, ಸಿ, ಡಿ ಅಂತ ದರ್ಜೆ. ಸ್ವಲ್ಪ ದಿನಕ್ಕೆ ಕಾರ್ಡಿನ ಅಂಕಿ 13 ಅಂದರೆ ಸ್ಟ್ರೈಕ್‌ಔಟ್ (ಪಿಚರ್ ಮೂರು ಸ್ಟ್ರೈಕ್ ಹಾಕಿ ಬ್ಯಾಟರ್‌ನನ್ನು ಔಟ್ ಮಾಡೋದು), 14 ಅಂದರೆ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಮೊದಲ ಬೇಸ್) ಅಂತ ಬಾಯಿಪಾಠ ಆಗುತ್ತೆ, ಪಟ್ಟಿ ನೋಡೋದೇ ಬೇಡ. 66 ಬಿದ್ದರಂತೂ ಆಪ್‌ಬಾ ಆಡುವವರು ಕುರ್ಚಿ ಬಿಟ್ಟು ಏಳುತ್ತಾರೆ.

ನನ್ನ ಮಾತು ಕೇಳಿದರೆ ಸ್ಟ್ರ್ಯಾಟ್‌ನಿಂದ ಶುರು ಮಾಡಿ. ಪಿಚರ್‌ಗೂ ಬ್ಯಾಟರ್‌ಗೂ ಅಲ್ಲಿ ಅರ್ಧರ್ಧ ಪಾಲು ಇರೋದು ಮಕ್ಕಳ ಕಣ್ಣಿಗೇ ಕಾಣುತ್ತೆ. ಕಾರ್ಡಿನ ಒಂದು ಮಗ್ಗುಲು ಸರಳ ಆಟ, ಇನ್ನೊಂದು ಮಗ್ಗುಲು ಎಡಗೈ ಬಲಗೈ ಲೆಕ್ಕವೆಲ್ಲ ಸೇರಿದ ದೊಡ್ಡವರ ಆಟ, ಈ ಎರಡು ಮಗ್ಗುಲಿನ ಕಾರ್ಡು ಬಂದದ್ದು 1972ರಲ್ಲಿ. ಮಗ ಬೆಳೆದ ಹಾಗೆ ಕಾರ್ಡು ತಿರುಗಿಸಿಕೊಂಡರೆ ಆಯಿತು. ಒಂದು ಕೇಳಿಕೊಳ್ಳುತ್ತೇನೆ, ನೀವೂ ಜೊತೆಗೆ ಕೂತು ಆಡಿ. ಬೇಸ್‌ಬಾಲ್ ಗೊತ್ತಿಲ್ಲ ಅಂತ ಹಿಂದೆ ಸರಿಯಬೇಡಿ, ಅವನೇ ಹೇಳಿಕೊಡುತ್ತಾನೆ.

ಪ್ರಶ್ನೆ: ಒಂದು ಗರಾಜ್ ಸೇಲ್‌ನಲ್ಲಿ ಹಳೇ ಆಟದ ಡಬ್ಬ ಸಿಕ್ಕಿತು. ಒಳಗೆ ದುಂಡಗಿನ ರಟ್ಟಿನ ಬಿಲ್ಲೆಗಳು, ನಡುವೆ ತೂತು. ಇದೇನು? ಬೆಲೆ ಬಾಳುತ್ತಾ? ಹಳೇ ಸೆಟ್ಟು ಕೊಳ್ಳುವಾಗ ಏನು ನೋಡಬೇಕು? — ಒಬ್ಬ ಓದುಗರು, ಚಿಕಾಗೊ

ಉತ್ತರ: ನಿಮಗೆ ಸಿಕ್ಕಿದ್ದು ಆಲ್-ಸ್ಟಾರ್ ಬೇಸ್‌ಬಾಲ್ ಇರಬೇಕು. 1941ರಲ್ಲಿ ಶುರುವಾಗಿ ದಶಕಗಳ ಕಾಲ ಅಂಗಡಿಯಲ್ಲಿದ್ದ ಆಟ ಅದು. ಮಾಡಿದವರು ಈಥನ್ ಆಲನ್, ಸ್ವತಃ ಅಮೆರಿಕದ ಅತಿ ಮೇಲಿನ ಬೇಸ್‌ಬಾಲ್ ಲೀಗಾದ ಮೇಜರ್ ಲೀಗ್‌ನಲ್ಲಿ ಆಡಿದವರು, ಆಮೇಲೆ ಯೇಲ್ ವಿಶ್ವವಿದ್ಯಾಲಯದ ಕೋಚ್. ಅವರ ಯೇಲ್ ತಂಡದಲ್ಲಿ ಆಡಿದ ಒಬ್ಬ ಹುಡುಗ ಮುಂದೆ ಅಮೆರಿಕದ ಅಧ್ಯಕ್ಷನಾದ, ಜಾರ್ಜ್ ಎಚ್.ಡಬ್ಲ್ಯು. ಬುಷ್. ಒಂದೊಂದು ಬಿಲ್ಲೆ ಒಬ್ಬೊಬ್ಬ ಆಟಗಾರ. ಅಂಚಿನಲ್ಲಿ ಹೋಳುಹೋಳಾಗಿ ಅಂಕಿ ಬರೆದಿರುತ್ತೆ, 1 ಅಂದರೆ ಹೋಮ್ ರನ್, 10 ಅಂದರೆ ಸ್ಟ್ರೈಕ್‌ಔಟ್. ಹೋಮ್ ರನ್‌ಗೆ ಹೆಸರಾದ ಬೇಬ್ ರೂತ್ ಬಿಲ್ಲೆಯಲ್ಲಿ 1ರ ಹೋಳು ಅಗಲ, ಸಣ್ಣ ಹೊಡೆತಗಾರನ ಬಿಲ್ಲೆಯಲ್ಲಿ ಎಳೆಯಷ್ಟು. ಸೂಜಿ ತಿರುಗಿಸಿದರೆ ಎಲ್ಲಿ ನಿಲ್ಲುತ್ತೋ ಅದೇ ಫಲ. ಪಿಚರ್‌ಗೆ ಇದರಲ್ಲಿ ಬೆಲೆಯಿಲ್ಲ, ಅದೊಂದೇ ಕೊರತೆ. ಸೂಜಿ ಬಾಗಿದೆಯಾ, ಸಲೀಸಾಗಿ ತಿರುಗುತ್ತಾ ನೋಡಿ. ಬೇಕೆಂದ ಕಡೆ ನಿಲ್ಲುವ ಸೂಜಿ ಇದ್ದರೆ ಆಟಕ್ಕೆ ಅರ್ಥವಿಲ್ಲ.

ಇನ್ನು ಕೊಳ್ಳುವ ವಿಷಯ. ಇದರಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಸ್ಟ್ರ್ಯಾಟ್‌ನ 1968ರ ಸೀಸನ್‌ನ ಕಾರ್ಡುಗಳಿಗೆ ತುಂಬ ದಿನ ಹುಡುಕಿದ್ದೆ. ಕೊನೆಗೆ ಒಬ್ಬರು ಪೂರ್ತಿ ಸೆಟ್ಟು ಇದೆ ಅಂದರು, ಕೇಳಿದಷ್ಟು ಕೊಟ್ಟೆ, ಕಳಿಸುವ ಖರ್ಚು ಬೇರೆ. ಡಬ್ಬ ಬಂದ ದಿನ ರಾತ್ರಿ ಹಾಸಿಗೆ ಮೇಲೆ ತಂಡತಂಡವಾಗಿ ಹರಡಿಕೊಂಡು ಎಣಿಸಿದೆ. ಡೆಟ್ರಾಯಿಟ್ ಟೈಗರ್ಸ್ ಕಟ್ಟಿನಲ್ಲಿ ಮಿಕಿ ಲೋಲಿಚ್ ಇಲ್ಲ. ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಸೀಸನ್ ಕೊನೆಯ ಫೈನಲ್ ಸರಣಿಯಲ್ಲಿ, ಮೂರು ಪಂದ್ಯ ಗೆದ್ದುಕೊಟ್ಟ ಪಿಚರ್ ಅವನು! ಅವನಿಲ್ಲದೆ 1968 ಅಂದರೆ ಏನು? ಮಾರಿದವರಿಗೆ ಬರೆದೆ, ಉತ್ತರ ಬರಲಿಲ್ಲ. ಆ ಒಂದು ಕಾರ್ಡು ಬೇರೆ ಕಡೆಯಿಂದ ತರಿಸಿಕೊಳ್ಳೋಕೆ ನನಗೆ ಹದಿನಾಲ್ಕು ತಿಂಗಳು ಹಿಡಿಯಿತು.

ಆದ್ದರಿಂದ ದುಡ್ಡು ಕೊಡುವ ಮೊದಲೇ ತಂಡವಾರು ಹೆಸರಿನ ಪಟ್ಟಿ ಕೇಳಿ. ಪೂರ್ತಿ ಇದೆ ಅನ್ನೋ ಮಾತಿಗೆ ಒಬ್ಬೊಬ್ಬರದು ಒಂದೊಂದು ಅರ್ಥ. ಹಳೇ ಸೆಟ್ಟುಗಳಲ್ಲಿ ತಂಡಕ್ಕೆ ಸುಮಾರು ಇಪ್ಪತ್ತು ಕಾರ್ಡು, ಅದರ ಮೇಲಿನ ಆಟಗಾರರನ್ನು ಬೇರೆಯಾಗಿ ಮಾರುತ್ತಿದ್ದರು. ಹೆಚ್ಚಿನ ಕಾರ್ಡು ಇದೆಯಾ ಇಲ್ಲವಾ ಅಂತ ಬಾಯಿಬಿಟ್ಟು ಕೇಳಿ. ಎರಡನೇದು, ಆ ಕಾಲದಲ್ಲೇ ಅಚ್ಚಾಗಿದ್ದಾ, ಆಮೇಲೆ ಮರುಮುದ್ರಣ ಮಾಡಿದ್ದಾ? ಹಳೇ ಸೀಸನ್‌ಗಳನ್ನು ಕಂಪನಿಗಳು ಹೊಸ ಲೆಕ್ಕ ಹಾಕಿ ಮತ್ತೆ ತರುತ್ತವೆ. ಆಡೋಕೆ ಮರುಮುದ್ರಣವೇ ವಾಸಿ, ಅಗ್ಗ, ಲೆಕ್ಕವೂ ಹೆಚ್ಚು ಸರಿ. ಸಂಗ್ರಹಕ್ಕಾದರೆ ಮೂಲದ್ದೇ ಬೇಕು. ಸ್ಟ್ರ್ಯಾಟ್‌ನ ಶುರುವಿನ ವರ್ಷಗಳ ಸೆಟ್ಟುಗಳಂತೂ ಕಣ್ಣಿಗೆ ಬೀಳುವುದೇ ಅಪರೂಪ. ಕಾರ್ಡಿನ ಮೇಲೆ ಪೆನ್ಸಿಲ್ ಗೀಚಿದ್ದರೆ ಬೆಲೆ ಇಳಿಯುತ್ತೆ ಅಂತಾರೆ. ನನಗೆ ಅಂಥವೇ ಇಷ್ಟ. ಒಂದು ಕಾರ್ಡಿನ ಮೂಲೆಯಲ್ಲಿ ಯಾವುದೋ ಮಗು ತನ್ನ ಆಟದಲ್ಲಿ ಅವನು ಹೊಡೆದ ಹೋಮ್ ರನ್‌ಗಳನ್ನು ಗೀಟು ಹಾಕಿ ಎಣಿಸಿತ್ತು, ನಾಲ್ಕು ಗೀಟು, ಐದನೆಯದು ಅಡ್ಡ. ಅದನ್ನು ರಬ್ಬರ್‌ನಿಂದ ಅಳಿಸೋಕೆ ನನಗೆ ಮನಸ್ಸು ಬರಲಿಲ್ಲ.

ಪ್ರಶ್ನೆ: ನಾನು ಗಣಿತದ ಮೇಷ್ಟ್ರು. ಒಂದು ಸೀಸನ್ ಪೂರ್ತಿ ಆಡಿದರೆ ನಿಜವಾದ ಅಂಕಿಅಂಶವೇ ಬರುತ್ತದೆಯೇ? ಬರುವುದಾದರೆ ಆಡುವುದೇಕೆ? — ಧಾರವಾಡ

ಉತ್ತರ: ಮೇಷ್ಟ್ರೇ, ಹತ್ತಿರ ಬರುತ್ತೆ, ಅದೇ ಬರಲ್ಲ. ಲೆಕ್ಕ ನೋಡಿ. ಮೂರು ದಾಳಕ್ಕೆ 216 ಗರ. ಒಂದು ಕಾಲಂನ ಏಳನೇ ಸಾಲಿಗೆ ಅದರಲ್ಲಿ ಆರು, ಅಂದರೆ 36ಕ್ಕೆ ಒಂದು. ಅಲ್ಲೊಂದೇ ಕಡೆ ಹೋಮ್ ರನ್ ಇದ್ದವನು 600 ಸಲ ಬ್ಯಾಟ್ ಹಿಡಿದರೆ ತನ್ನ ಕಾರ್ಡಿನಿಂದ ಸುಮಾರು 16, 17 ಹೊಡೆಯಬೇಕು, ಮಿಕ್ಕಿದ್ದು ಪಿಚರ್‌ಗಳ ಕಾರ್ಡಿನಿಂದ ಸೇರುತ್ತೆ. ಸರಾಸರಿ ಪಿಚರ್ ಎಷ್ಟು ಬಿಟ್ಟುಕೊಡುತ್ತಾನೆ ಅಂತ ನೋಡಿ ಅಷ್ಟನ್ನು ಬ್ಯಾಟರ್ ಕಾರ್ಡಿನಲ್ಲಿ ಮೊದಲೇ ಕಳೆದಿರುತ್ತಾರೆ. ಆದರೆ 600 ಸಲ ಅನ್ನೋದು ದಾಳಕ್ಕೆ ಜಾಸ್ತಿ ಅಲ್ಲ, ಏರುಪೇರು ಇದ್ದೇ ಇರುತ್ತೆ.

ಬ್ರೇಡಿ ಆಂಡರ್ಸನ್ ಅಂತ ಬಾಲ್ಟಿಮೋರ್ ಓರಿಯೋಲ್ಸ್ ಆಟಗಾರ. 1996ರಲ್ಲಿ 50 ಹೋಮ್ ರನ್ ಹೊಡೆದ. ಬೇರೆ ಯಾವ ವರ್ಷವೂ 24 ದಾಟಲಿಲ್ಲ. ಆ ವರ್ಷದ ಕಾರ್ಡಿಟ್ಟು ಆಡಿದರೆ 43 ಬಂದರೂ, 57 ಬಂದರೂ ಆಶ್ಚರ್ಯ ಪಡಬೇಕಾಗಿಲ್ಲ. ಆದರೆ 24 ಬರೋದು ಬಹಳ ಕಷ್ಟ, ಯಾಕಂದ್ರೆ ಕಾರ್ಡಿಗೆ ಗೊತ್ತಿರೋದು ಆ ಒಂದೇ ವರ್ಷ. ಒಬ್ಬ ಮನುಷ್ಯನ ಬದುಕಿನ ಆ ಒಂದು ಬೇಸಿಗೆ ನನ್ನ ಮೇಜಿನ ಮೇಲೆ ಯಾವಾಗ ಬೇಕಾದರೂ ಶುರುವಾಗುತ್ತೆ, ಪ್ರತಿ ಸಲ ಸ್ವಲ್ಪ ಬೇರೆ ತರಹ ನಡೆಯುತ್ತೆ. ನೀವು ಕೇಳಿದ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದೇ.

ನಿಮ್ಮ ಮಕ್ಕಳಿಗೆ ಸಂಭವನೀಯತೆಯ ಪಾಠಕ್ಕೆ ಇದು ಚೆನ್ನಾಗಿ ಒಗ್ಗುತ್ತೆ. ಮೂರು ದಾಳ, ಒಂದು ಹಾಳೆ ಸಾಕು. ಅವರಿಗೆ ಗೊತ್ತಿರೋ ಕ್ರಿಕೆಟ್ ಆಟಗಾರರ ಕಾರ್ಡು ಅವರೇ ಮಾಡಲಿ.

ಪ್ರಶ್ನೆ: ನನಗೆ ಜೊತೆಗಾರರಿಲ್ಲ, ನಿವೃತ್ತಿಯಾಗಿದೆ. ಒಬ್ಬನೇ ಆಡಿದರೆ ಬೇಜಾರಾಗಲ್ವಾ? ಎಲ್ಲಿಂದ ಶುರು ಮಾಡಲಿ? — ಮೈಸೂರು

ಉತ್ತರ: ಈ ಆಟ ಆಡುವವರಲ್ಲಿ ಒಬ್ಬರೇ ಆಡುವವರು ತುಂಬ ಜನ ಇದ್ದಾರೆ ಸರ್. ಜ್ಯಾಕ್ ಕೆರೊವಾಕ್ ಅನ್ನೋ ದೊಡ್ಡ ಲೇಖಕ ಹುಡುಗನಾಗಿದ್ದಾಗಲೇ ತನ್ನದೇ ಒಂದು ಬೇಸ್‌ಬಾಲ್ ಆಟ ಕಟ್ಟಿಕೊಂಡಿದ್ದ. ತಂಡಗಳಿಗೆ ಕಾರುಗಳ ಹೆಸರಿಟ್ಟು, ಅಂಕಿಅಂಶ ಬರೆದು, ತನ್ನ ಲೀಗಿಗೆ ಪತ್ರಿಕಾ ವರದಿಯನ್ನೂ ತಾನೇ ಬರೆಯುತ್ತಿದ್ದ. ದೊಡ್ಡವನಾದ ಮೇಲೂ ಬಿಡಲಿಲ್ಲ. ಆ ಕಾಗದಗಳು ಈಗ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿವೆ.

ಎಲ್ಲಿಂದ ಶುರು ಅಂದರೆ, ದಯವಿಟ್ಟು ಪೂರ್ತಿ ಲೀಗ್‌ಗೆ ಕೈ ಹಾಕಬೇಡಿ. ಈಗಿನ ಒಂದು ಸೀಸನ್ ಅಂದರೆ 2430 ಪಂದ್ಯ, ಅರ್ಧ ಗಂಟೆಗೊಂದರಂತೆ 1215 ಗಂಟೆ. ಅಷ್ಟು ಹೊತ್ತಿಗೆ ಎಂಥವರಿಗೂ ಸಾಕಾಗುತ್ತೆ. ಒಂದು ವರ್ಲ್ಡ್ ಸೀರೀಸ್ ಹಿಡಿಯಿರಿ, ಜಾಸ್ತಿ ಅಂದರೆ ಏಳು ಪಂದ್ಯ, ವಾರಕ್ಕೆ ಎರಡರಂತೆ ಆಡಿ.

ನಾನು ಹೇಳೋದು 1968ರದ್ದೇ. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಬಾಬ್ ಗಿಬ್ಸನ್ ಪಿಚರ್. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟರೆ ಅವನು ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ಸರಾಸರಿ ಆ ವರ್ಷ 1.12. ಪಿಚರ್‌ಗಳ ಹಾವಳಿ ಎಷ್ಟಾಯಿತೆಂದರೆ ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರು. ಸೀರೀಸ್‌ನ ಮೊದಲ ಪಂದ್ಯದಲ್ಲಿ ಗಿಬ್ಸನ್ 17 ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ಆದರೂ ಏಳನೇ ಪಂದ್ಯ ಸೋತ. ಏಳನೇ ಇನ್ನಿಂಗ್ಸ್‌ನಲ್ಲಿ ಜಿಮ್ ನಾರ್ತ್‌ರಪ್ ಹೊಡೆದ ಚೆಂಡು ಸೆಂಟರ್ ಫೀಲ್ಡ್ ಕಡೆ ಹೋಯಿತು. ಅಲ್ಲಿದ್ದವನು ಕರ್ಟ್ ಫ್ಲಡ್, ಆ ಕಾಲದ ಅತ್ಯುತ್ತಮ ಫೀಲ್ಡರ್‌ಗಳಲ್ಲಿ ಒಬ್ಬ. ಅವನು ಮೊದಲು ಮುಂದಕ್ಕೆ ಹೆಜ್ಜೆ ಇಟ್ಟ, ಆಮೇಲೆ ತಿರುಗುವಷ್ಟರಲ್ಲಿ ಚೆಂಡು ತಲೆ ದಾಟಿ ಹೋಯಿತು. ಡೆಟ್ರಾಯಿಟ್ 4-1ರಿಂದ ಗೆದ್ದಿತು.

ಲೋಲಿಚ್ ಕಾರ್ಡು ಕೈಗೆ ಬಂದ ವಾರವೇ ನಾನು ಆ ಸೀರೀಸ್ ಆಡಿದೆ. ನನ್ನಲ್ಲೂ ಏಳನೇ ಪಂದ್ಯದವರೆಗೆ ಹೋಯಿತು. ಮಳೆಯಿದ್ದ ಒಂದು ರಾತ್ರಿ, ಎಂಟನೇ ಇನ್ನಿಂಗ್ಸ್, ಇಬ್ಬರು ಬೇಸ್ ಮೇಲೆ, ಎರಡು ಔಟ್. ಗರ ಬಿತ್ತು, ಸೆಂಟರ್ ಫೀಲ್ಡ್ ಕಡೆ ಎತ್ತರದ ಹೊಡೆತ, ಪಕ್ಕದಲ್ಲಿ ಎಕ್ಸ್. ಇಪ್ಪತ್ತು ಮುಖದ ದಾಳ ಕೈಯಲ್ಲಿ ಹಿಡಿದು ಸುಮ್ನೆ ಕೂತೆ, ಹಾಕೋಕೇ ಆಗಲಿಲ್ಲ. ಕೊನೆಗೆ ಹಾಕಿದೆ. ಫ್ಲಡ್ ಹಿಡಿದ. ಎದ್ದು ಹೋಗಿ ಅಡಿಗೆಮನೆಯಲ್ಲಿದ್ದ ಹೆಂಡತಿಗೆ ಹೇಳಿದೆ, ಅವಳಿಗೆ ಫ್ಲಡ್ ಯಾರಂತ ಗೊತ್ತಿಲ್ಲ, ನನ್ನ ಮುಖ ನೋಡಿ ಕಾಫಿ ಕೊಟ್ಟಳು.

ಸ್ಕೋರ್ ಪುಸ್ತಕ ಇಡೋದು ಮರೆಯಬೇಡಿ. ಪ್ರತಿ ಪಂದ್ಯ ಕೈಯಲ್ಲೇ ಬರೆಯಿರಿ, ತಾರೀಖು ಹಾಕಿ. ಹತ್ತು ವರ್ಷ ಬಿಟ್ಟು ತೆಗೆದು ನೋಡಿದರೆ ಆ ದಿನವೇ ಎದುರಿಗೆ ಬರುತ್ತೆ.

ಪ್ರಶ್ನೆ: ಇದೆಲ್ಲ ಕಂಪ್ಯೂಟರ್ ಒಂದು ಸೆಕೆಂಡಿನಲ್ಲಿ ಮಾಡುತ್ತಲ್ಲ? — ಹುಬ್ಬಳ್ಳಿಯ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ಮಾಡುತ್ತೆ. ಈ ಕಂಪನಿಗಳೇ ಕಂಪ್ಯೂಟರ್ ಆವೃತ್ತಿಯನ್ನೂ ಮಾರುತ್ತವೆ. 2020ರಲ್ಲಿ ಕೊರೊನಾದಿಂದ ಸೀಸನ್ ನಿಂತಾಗ ಸ್ಟ್ರ್ಯಾಟ್‌ನವರು ದಿನಾ ಪಂದ್ಯಗಳನ್ನು ಕಂಪ್ಯೂಟರ್‌ನಲ್ಲೇ ಆಡಿಸಿ ಫಲಿತಾಂಶ ಕೊಟ್ಟರು. 1981ರಲ್ಲಿ ಆಟಗಾರರ ಮುಷ್ಕರದಿಂದ ಆಲ್-ಸ್ಟಾರ್ ಪಂದ್ಯ (ಲೀಗಿನ ತಾರೆಯರೆಲ್ಲ ಸೇರಿ ಆಡುವ ಪಂದ್ಯ) ನಿಂತಾಗಲೂ ಕ್ಲೀವ್‌ಲ್ಯಾಂಡ್ ಸ್ಟೇಡಿಯಂನಲ್ಲೇ ಸ್ಟ್ರ್ಯಾಟ್ ಆಡಿದ್ದರು. ಇನ್ನೊಂದು ವಿಷಯ, ಎಲೆಕ್ಟ್ರಾನಿಕ್ ಆರ್ಟ್ಸ್ ಅನ್ನೋ ವಿಡಿಯೊ ಗೇಮ್ ಕಂಪನಿ ಕಟ್ಟಿದ ಟ್ರಿಪ್ ಹಾಕಿನ್ಸ್ ಹುಡುಗನಾಗಿದ್ದಾಗ ಸ್ಟ್ರ್ಯಾಟ್‌ನ ಫುಟ್‌ಬಾಲ್ ಆಟಕ್ಕೆ ಮನಸೋತವರು. ನೀವು ಇವತ್ತು ಫೋನಿನಲ್ಲಿ ಆಡುವ ಕ್ರೀಡಾ ಆಟಗಳ ಬೇರು ಈ ರಟ್ಟಿನ ಕಾರ್ಡಿನಲ್ಲೂ ಇದೆ. ನನಗೆ ಮಾತ್ರ ದಾಳ ಅಂಗೈಯಲ್ಲಿ ಇರಬೇಕು. ಒಂದು ಭಾನುವಾರ ಹಾಗೆ ಆಡಿ ನೋಡಿ ತಮ್ಮಾ, ಆಮೇಲೆ ಬರೆಯಿರಿ.

ಪ್ರಶ್ನೆ: ಕಪ್ಪು ಆಟಗಾರರನ್ನು ಹೊರಗಿಟ್ಟಿದ್ದ ಕಾಲದವರ ಕಾರ್ಡುಗಳೂ ಇವೆಯೇ? — ತುಮಕೂರು

ಉತ್ತರ: ಒಳ್ಳೇ ಪ್ರಶ್ನೆ. 1947ರಲ್ಲಿ ಜ್ಯಾಕಿ ರಾಬಿನ್ಸನ್ ಬರುವ ತನಕ ಮೇಜರ್ ಲೀಗ್ ಬಾಗಿಲು ಕಪ್ಪು ಆಟಗಾರರಿಗೆ ದಶಕಗಳ ಕಾಲ ಮುಚ್ಚಿತ್ತು. ಅವರು ನೀಗ್ರೋ ಲೀಗ್‌ಗಳಲ್ಲಿ ಆಡಿದರು. ಆ ಪಂದ್ಯಗಳ ಲೆಕ್ಕ ಹಳೇ ಪತ್ರಿಕೆಗಳಲ್ಲಿ ಚದುರಿ ಹೋಗಿತ್ತು, ಸಂಶೋಧಕರು ಒಂದೊಂದೇ ಹೆಕ್ಕಿ ತಂದರು. 2009ರಲ್ಲಿ ಸ್ಟ್ರ್ಯಾಟ್ ಕಂಪನಿ ಆ ಆಟಗಾರರ ಕಾರ್ಡುಗಳ ಸೆಟ್ಟು ತಂದಿತು. ಆ ಲೀಗ್‌ಗಳಿಗೆ ಮೇಜರ್ ಲೀಗ್ ಸ್ಥಾನ ಇದೆ ಅಂತ ಬೇಸ್‌ಬಾಲ್ ಅಧಿಕೃತವಾಗಿ ಒಪ್ಪಿಕೊಂಡದ್ದು 2020ರ ಡಿಸೆಂಬರ್‌ನಲ್ಲಿ. ಅಂದರೆ ನೀಗ್ರೋ ಲೀಗ್‌ಗಳ ದೊಡ್ಡ ಹೊಡೆತಗಾರ ಜಾಶ್ ಗಿಬ್ಸನ್ ಮೇಜಿನ ಮೇಲೆ ಬೇಬ್ ರೂತ್ ಪಕ್ಕ ಬ್ಯಾಟ್ ಹಿಡಿದು ನಿಂತದ್ದು ಅದಕ್ಕಿಂತ ಹನ್ನೊಂದು ವರ್ಷ ಮೊದಲೇ. ಒಂದೇ ಒಂದು ಸೆಟ್ಟು ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಪ್ರಶ್ನೆ: ಅಣ್ಣ ಅಮೆರಿಕದಿಂದ ಒಂದು ಡಬ್ಬ ಕಾರ್ಡು ತಂದುಕೊಟ್ಟಿದ್ದಾರೆ. ನಮ್ಮದು ಕರಾವಳಿ, ಮಳೆಗಾಲದಲ್ಲಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಹೇಗೆ ಕಾಪಾಡಲಿ? — ಕಾರ್ಕಳ

ಉತ್ತರ: ಮೊದಲು ರಬ್ಬರ್ ಬ್ಯಾಂಡ್ ಹಾಕಿದ್ದರೆ ತೆಗೆಯಿರಿ. ಅದು ಅಂಚು ಕಡಿಯುತ್ತೆ, ಸೆಕೆಗೆ ಕರಗಿ ಕಾರ್ಡಿಗೆ ಅಂಟಿಕೊಳ್ಳುತ್ತೆ. ತಂಡಕ್ಕೊಂದು ಕಾಗದದ ಲಕೋಟೆ ಮಾಡಿ, ಮೇಲೆ ತಂಡದ ಹೆಸರು ಮತ್ತು ವರ್ಷ ಬರೆಯಿರಿ. ಲಕೋಟೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ನಿಲ್ಲಿಸಿ ಇಡಿ, ಜೊತೆಗೆ ಹೊಸ ಚಪ್ಪಲಿ ಡಬ್ಬದಲ್ಲಿ ಬರುತ್ತಲ್ಲ, ಆ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಹಾಕಿ. ಗೋಡೆಗೆ ತಾಗಿಸಿ ಇಡಬೇಡಿ, ನೆಲದ ಮೇಲಂತೂ ಬೇಡ, ಗೆದ್ದಲಿಗೆ ರಟ್ಟು ಅಂದರೆ ಹಬ್ಬ. ಲ್ಯಾಮಿನೇಷನ್ ಮಾಡಿಸೋಕೆ ಹೋಗಬೇಡಿ, ಮಾಡಿಸಿದರೆ ಕಾರ್ಡಿನ ಬೆಲೆ ಹೋಯಿತು. ಎಲ್ಲಕ್ಕಿಂತ ಮುಖ್ಯ, ಹದಿನೈದು ದಿನಕ್ಕೊಮ್ಮೆ ತೆಗೆದು ಒಂದು ಪಂದ್ಯ ಆಡಿ. ಕೈಯಾಡಿಸುತ್ತಿದ್ದರೆ ಬೂಷ್ಟು ಶುರುವಾಗುವ ಮೊದಲೇ ಕಣ್ಣಿಗೆ ಬೀಳುತ್ತೆ. ಡಬ್ಬದಲ್ಲಿ ಯಾವ ವರ್ಷದ ತಂಡಗಳಿವೆ ಅಂತ ನೀವು ಬರೆದಿಲ್ಲ, ಬರೆದು ತಿಳಿಸಿ. ಮೊದಲ ಪಂದ್ಯಕ್ಕೆ ಯಾವ ಎರಡು ತಂಡ ಇಳಿಸಬೇಕು ಅಂತ ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.